ಮಾಗಿಯ ಕಂಬಳಿ, ಯುಗಾದಿಯ ರೇಷ್ಮೆ

ಶಿವರಾತ್ರಿ ಕಳೆಯಿತೆಂದರೆ ಚಳಿ ಕಾಲಿಗೆ ಬುದ್ಧಿ ಹೇಳಿತೆಂದು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಹೇಳುವುದುಂಟು. ಪಂಚಾಂಗದ ಲೆಕ್ಕದಲ್ಲಿ ಆಗಿನ್ನೂ ಶಿಶಿರ ಋತು ಮುಗಿದಿರುವುದಿಲ್ಲ. ವಸಂತ ಕಾಲಿಡುವುದು ಚೈತ್ರಮಾಸದೊಡನೆ, ಯುಗಾದಿಯ ದಿನ. ಆದರೆ ಮರಗಿಡಗಳು ಪಂಚಾಂಗವನ್ನು ನೋಡಿಕೊಂಡು ಕೂಡುವುದಿಲ್ಲ. ಹೊಂಗೆಯ ಮರ ಹಳೆಯ ಎಲೆಗಳನ್ನು ಕಳಚಿ ತಿಳಿಹಸಿರು ಚಿಗುರನ್ನು ಉಡುತ್ತದೆ. ಮಾವಿನ ತೋಪುಗಳಲ್ಲಿ ಹೂವು ಹೋಗಿ ಪೀಚು ಕಾಣಿಸಿಕೊಳ್ಳುತ್ತದೆ. ಇದೇ ಸಮಯದಲ್ಲಿ ಮನೆಮನೆಯಲ್ಲಿಯೂ ಒಂದು ಸಣ್ಣ ಋತುಪರಿವರ್ತನೆ ನಡೆಯುತ್ತದೆ. ರಾಗಿಯ ಕಣವನ್ನು ರಾತ್ರಿ ಕಾಯುವಾಗ ಹೊದ್ದ ಕಂಬಳಿ, ಬೆಳಗಿನ ಬಸ್ಸಿಗೆ ಹೋಗುವಾಗ ತೊಟ್ಟ ಸ್ವೆಟರು, ಅಜ್ಜನ ಶಾಲು, ಮಗುವಿನ ಕುಲಾವಿ ಇವೆಲ್ಲ ಪೆಟ್ಟಿಗೆಯನ್ನು ಸೇರುತ್ತವೆ. ಹತ್ತಿಯ ತೆಳುಬಟ್ಟೆಗಳು ಮೇಲಕ್ಕೆ ಬರುತ್ತವೆ. ಹಬ್ಬಕ್ಕೂ ಮದುವೆಗಳಿಗೂ ರೇಷ್ಮೆಯ ಸೀರೆಗಳು ಹೊರಬೀಳುತ್ತವೆ.

ಇದು ಮನೆವಾರ್ತೆಯ ಮಾತು, ಇದರಲ್ಲಿ ವಿಜ್ಞಾನಕ್ಕೇನು ಕೆಲಸ ಎಂದು ಯಾರಾದರೂ ಕೇಳಬಹುದು. ಆದರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಂಬಳಿ ಮುಂದಿನ ಕಾರ್ತಿಕದಲ್ಲಿ ಜರಡಿಯಾಗಿ ಹೊರಬರುವುದೇಕೆ? ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಸೀರೆಯ ಜರಿ ಕಪ್ಪಾಗುವುದೇಕೆ? ನುಸಿಗುಳಿಗೆಯ ವಾಸನೆಯುಳ್ಳ ಬಟ್ಟೆಯನ್ನು ಎಳೆಯ ಕೂಸಿಗೆ ಹೊದಿಸಬಾರದೆಂದು ವೈದ್ಯರು ಎಚ್ಚರಿಸುವುದೇಕೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನಾವು ಭೌತವಿಜ್ಞಾನ, ರಸಾಯನವಿಜ್ಞಾನ, ಕೀಟವಿಜ್ಞಾನ ಮೂರರ ಬಾಗಿಲನ್ನೂ ತಟ್ಟಬೇಕಾಗುತ್ತದೆ.

ಈ ವಿಚಾರವನ್ನು ಪರಿಶೀಲಿಸಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗಿಂತ ತಕ್ಕ ನೆಲ ಬೇರೊಂದಿಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೊಸ ಹೆಸರನ್ನು ಪಡೆದ ಈ ಪ್ರದೇಶದಲ್ಲಿ ಬಟ್ಟೆಯೆಂಬುದು ಉಡುವ ವಸ್ತು ಮಾತ್ರವಲ್ಲ, ಸಾವಿರಾರು ಸಂಸಾರಗಳ ಅನ್ನವೂ ಹೌದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ಅತಿ ದೊಡ್ಡದೆಂದು ಹೆಸರಾದುದು. ಇಲ್ಲಿ ಒಂದು ಹುಳು ನೂಲನ್ನು ನೂತು ಕೊಡುತ್ತದೆ. ಅದರ ದೂರದ ಬಂಧುವೊಂದು ಪೆಟ್ಟಿಗೆಯಲ್ಲಿ ಕುಳಿತು ಕಂಬಳಿಯನ್ನು ತಿನ್ನುತ್ತದೆ. ಆ ಕಥೆಗೆ ಬರುವ ಮುನ್ನ ಬಟ್ಟೆ ಮಾಡುವ ಕೆಲಸವೇನೆಂಬುದನ್ನು ನೋಡೋಣ.

ಬೆಚ್ಚಗಿರುವುದು ಬಟ್ಟೆಯಲ್ಲ, ಗಾಳಿ

ಕಂಬಳಿ ಬೆಚ್ಚಗಿರುತ್ತದೆ ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಒಂದು ಉಷ್ಣಮಾಪಕವನ್ನು ಕಂಬಳಿಯಲ್ಲಿ ಸುತ್ತಿಟ್ಟು ಒಂದು ಗಂಟೆಯ ಮೇಲೆ ನೋಡಿದರೆ ಅದು ಕೋಣೆಯ ಉಷ್ಣತೆಯನ್ನೇ ತೋರಿಸುತ್ತದೆ. ಕಂಬಳಿಗೆ ತನ್ನದೆಂಬ ಶಾಖವಿಲ್ಲ. ಶಾಖವನ್ನು ಹುಟ್ಟಿಸುವುದು ನಮ್ಮ ದೇಹ. ಸುಮ್ಮನೆ ಕುಳಿತಿರುವ ವಯಸ್ಕನೊಬ್ಬನ ದೇಹದಿಂದ ಸುಮಾರು 100 ವಾಟಿನಷ್ಟು ಶಾಖ ಸತತವಾಗಿ ಹೊರಬೀಳುತ್ತಿರುತ್ತದೆ. ಹಳೆಯ ಕಾಲದ 100 ವಾಟಿನ ವಿದ್ಯುದ್ದೀಪವೊಂದು ನಮ್ಮೊಳಗೆ ಉರಿಯುತ್ತಿದೆಯೆಂದು ಭಾವಿಸಬಹುದು. ಈ ಶಾಖ ಎಷ್ಟು ಬೇಗ ಹೊರಗೆ ಹೋಗಬೇಕೆಂಬುದನ್ನು ನಿರ್ಧರಿಸುವುದಷ್ಟೇ ಬಟ್ಟೆಯ ಕೆಲಸ.

ಈ ಕೆಲಸವನ್ನು ಮುಖ್ಯವಾಗಿ ಮಾಡುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಅತ್ಯಂತ ಮಂದವಾದ ಶಾಖವಾಹಕ. ಉಣ್ಣೆಯ ಎಳೆ ಕೂಡ ಗಾಳಿಗಿಂತ ಹಲವು ಮಡಿ ಹೆಚ್ಚು ಶಾಖವನ್ನು ಹಾಯಿಸುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಮಡಿಗೂ ಹೆಚ್ಚಾಗಿ ಹಾಯಿಸುತ್ತದೆ. ಒದ್ದೆಬಟ್ಟೆಯಲ್ಲಿ ಚಳಿ ಹತ್ತುವುದಕ್ಕೆ ಇದೂ ಒಂದು ಕಾರಣ. ಕುರಿಯ ಉಣ್ಣೆ ಸುರುಳಿ ಸುರುಳಿಯಾಗಿರುವುದರಿಂದ ಎಳೆಗಳು ಒಂದಕ್ಕೊಂದು ಅಂಟಿ ಮಲಗಲಾರವು. ಅವುಗಳ ನಡುವೆ ಗಾಳಿಗೆ ಬೇಕಾದಷ್ಟು ಮನೆಗಳು ಉಳಿಯುತ್ತವೆ.

ಇದಕ್ಕೆ ಒಳ್ಳೆಯ ನಿದರ್ಶನ ಚನ್ನಪಟ್ಟಣದ ಕಸುಬಿನಲ್ಲಿದೆ. ಗೂಡಿನಿಂದ ಕಡಿಯದೆ ಬಿಚ್ಚಿದ ರೇಷ್ಮೆ ಎಳೆಯಿಂದ ನೇಯ್ದ ಬಟ್ಟೆ ನುಣುಪಾಗಿ, ಮುಟ್ಟಿದರೆ ತಂಪಾಗಿ ತೋರುತ್ತದೆ. ಪತಂಗ ತೂತು ಮಾಡಿಕೊಂಡು ಹೊರಬಂದ ಗೂಡುಗಳಿಂದ, ನೂಲು ಬಿಚ್ಚುವಾಗ ಉಳಿದ ಜೂಲಿನಿಂದ ಹೀಗೆ ಉದ್ದನೆಯ ಎಳೆ ದೊರೆಯುವುದಿಲ್ಲ. ಅದನ್ನು ಹತ್ತಿಯಂತೆ ಹಿಂಜಿ, ತುಂಡು ಎಳೆಗಳನ್ನು ಕೂಡಿಸಿ ನೂಲಬೇಕಾಗುತ್ತದೆ. ಈ ಬಗೆಯ ನೂಲಿಗಾಗಿಯೇ ಕಳೆದ ಶತಮಾನದಲ್ಲಿ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಸ್ಥಾಪಿತವಾಯಿತು. ಎರಡೂ ನೂಲುಗಳ ದ್ರವ್ಯ ಒಂದೇ, ಹುಳು ಒಂದೇ. ಆದರೂ ನವಿರು ನವಿರಾಗಿ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಎರಡನೆಯ ನೂಲಿನ ಬಟ್ಟೆ ಹೆಚ್ಚು ಬೆಚ್ಚಗಿರುತ್ತದೆ. ಎಳೆ ಯಾವುದೆಂಬುದರಷ್ಟೇ, ಅದು ಹೇಗೆ ಹೆಣೆದುಕೊಂಡಿದೆ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಬಟ್ಟೆಯ ಈ ಗುಣವನ್ನು ಅಳೆಯಲು 1941ರಲ್ಲಿ ಗ್ಯಾಗಿ, ಬರ್ಟನ್, ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು ‘ಕ್ಲೋ’ ಎಂಬ ಮಾನವೊಂದನ್ನು ಸೂಚಿಸಿದರು. 21 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಕೋಣೆಯಲ್ಲಿ ಸುಮ್ಮನೆ ಕುಳಿತವನಿಗೆ ಹಿತವೆನಿಸುವಷ್ಟು ಉಡುಪು 1 ಕ್ಲೋ. ಬೇಸಗೆಯ ತೆಳುವಾದ ಅಂಗಿ ಷರಾಯಿಗಳು ಸುಮಾರು 0.5 ಕ್ಲೋ, ಒಂದು ಸ್ವೆಟರು ಅದಕ್ಕೆ ಇನ್ನು 0.3ರಷ್ಟನ್ನು ಕೂಡಿಸುತ್ತದೆ. ಕುಳಿತಿರುವವನಿಗೆ 0.1 ಕ್ಲೋ ಸುಮಾರು ಅರ್ಧ ಡಿಗ್ರಿಗಿಂತ ತುಸು ಹೆಚ್ಚಿನ ಉಷ್ಣತೆಗೆ ಸಮ. ಆದುದರಿಂದ ಸ್ವೆಟರು ತೆಗೆದಿಡುವುದೆಂದರೆ ಕೋಣೆಯನ್ನು ಎರಡು ಡಿಗ್ರಿ ತಂಪು ಮಾಡಿದ ಹಾಗೆ.

ಒಂದೇ ದಿನದಲ್ಲಿ ಎರಡು ಋತು

ಈ ಲೆಕ್ಕ ನಮ್ಮ ಸೀಮೆಯ ಹವೆಗೆ ಹೇಗೆ ಅನ್ವಯಿಸುತ್ತದೆ? ಸಮೀಪದ ಬೆಂಗಳೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣತೆ 15–16 ಡಿಗ್ರಿ, ಗರಿಷ್ಠ 27–28 ಡಿಗ್ರಿ. ಮಾರ್ಚಿಯಲ್ಲಿ ಇವು ಸುಮಾರು 19–20ಕ್ಕೂ 33ಕ್ಕೂ ಏರುತ್ತವೆ. ಅಲ್ಲಿ ದಾಖಲಾದ ಅತ್ಯಂತ ಕಡಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ, 2016ರ ಏಪ್ರಿಲಿನಲ್ಲಿ 39.2 ಡಿಗ್ರಿಯೂ ದಾಖಲಾಗಿದೆ. ಬೆಂಗಳೂರಿಗಿಂತ ತಗ್ಗಿನಲ್ಲಿರುವ ರಾಮನಗರ, ಚನ್ನಪಟ್ಟಣಗಳಲ್ಲಿ ಹಗಲಿನ ಬಿಸಿ ಇನ್ನಷ್ಟು ಹೆಚ್ಚು.

ಈ ಅಂಕಿಗಳಲ್ಲಿ ಗಮನಿಸಬೇಕಾದುದು ಋತುವಿನಿಂದ ಋತುವಿಗೆ ಇರುವ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಬೆಳಗಿನಿಂದ ಮಧ್ಯಾಹ್ನಕ್ಕೆ ಇರುವ ವ್ಯತ್ಯಾಸ. ಜನವರಿಯ ಬೆಳಗಿಗೂ ಮಾರ್ಚಿಯ ಬೆಳಗಿಗೂ ನಾಲ್ಕು ಡಿಗ್ರಿಯ ಅಂತರ. ಮಾರ್ಚಿಯ ಬೆಳಗಿಗೂ ಅದೇ ದಿನದ ಮಧ್ಯಾಹ್ನಕ್ಕೂ ಸುಮಾರು ಹದಿಮೂರು ಡಿಗ್ರಿಯ ಅಂತರ! ಮೋಡವಿಲ್ಲದ ಆಕಾಶ, ಒಣ ಗಾಳಿ ಇದಕ್ಕೆ ಕಾರಣ. ಗಾಳಿಯಲ್ಲಿರುವ ನೀರಾವಿಯೂ ಮೋಡವೂ ಭೂಮಿಗೆ ಹೊದಿಕೆಯಿದ್ದಂತೆ. ಅವು ನೆಲದಿಂದ ಹೊರಡುವ ಶಾಖಕಿರಣಗಳನ್ನು ತಡೆದು ಒಂದಷ್ಟನ್ನು ಹಿಂದಕ್ಕೆ ಕಳುಹಿಸುತ್ತವೆ. ಆ ಹೊದಿಕೆ ತೆಳುವಾದಾಗ ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ಬಿಡುತ್ತದೆ. ರಾಮದೇವರ ಬೆಟ್ಟದ ಬೋಳು ಬಂಡೆಗಳ ಮೇಲೆ ಮಧ್ಯಾಹ್ನ ಬರಿಗಾಲಿಡಲಾಗದಿದ್ದರೂ ನಸುಕಿನಲ್ಲಿ ಅವೇ ಬಂಡೆಗಳು ತಣ್ಣಗಿರುವುದು ಇದರಿಂದಲೇ.

ಆದಕಾರಣ ಶಿವರಾತ್ರಿಯ ಮರುದಿನವೇ ಉಣ್ಣೆಯನ್ನೆಲ್ಲ ಕಟ್ಟಿಡುವುದು ಆತುರದ ಕೆಲಸ. ಬೆಳಗಿನ ಆರು ಗಂಟೆಗೆ ಕನಕಪುರದಲ್ಲಿ ಬಸ್ಸು ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಒಂದು ದಪ್ಪ ಉಡುಪಿಗಿಂತ ಎರಡು ತೆಳುವಾದ ಉಡುಪುಗಳು ಮೇಲು. ಎರಡರ ನಡುವಿನ ಗಾಳಿಯ ಪದರ ಬೆಳಗಿನ ಹೊತ್ತು ಮೂರನೆಯ ಉಡುಪಿನ ಕೆಲಸವನ್ನು ಮಾಡುತ್ತದೆ. ಹನ್ನೊಂದು ಗಂಟೆಗೆ ಒಂದನ್ನು ಕಳಚಿ ಚೀಲಕ್ಕೆ ಹಾಕಬಹುದು. ನಮ್ಮ ದೇಹವೂ ಹೊಸ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರಗಳನ್ನು ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಬೆವರು ಬೇಗ ಒಸರಲು ಕಲಿಯುತ್ತದೆ, ಅದರಲ್ಲಿ ಹೊರಹೋಗುವ ಉಪ್ಪಿನ ಪ್ರಮಾಣ ಕಡಮೆಯಾಗುತ್ತದೆ. ಉಡುಪಿನ ಬದಲಾವಣೆಯೂ ಈ ನಡಿಗೆಯಲ್ಲಿಯೇ ಸಾಗುವುದು ಯುಕ್ತ.

ನೀರು ಕುಡಿಯುವ ಎಳೆಗಳು

ಉಷ್ಣತೆಯಷ್ಟೇ ಮುಖ್ಯವಾದ ಮತ್ತೊಂದು ಅಂಶ ಆರ್ದ್ರತೆ. ಒಣಗಿದಂತೆ ಕಾಣುವ ಬಟ್ಟೆಯಲ್ಲಿಯೂ ನೀರಿರುತ್ತದೆ. ಸಾಪೇಕ್ಷ ಆರ್ದ್ರತೆ ನೂರಕ್ಕೆ 65 ಇರುವ ಗಾಳಿಯಲ್ಲಿ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ನೀರನ್ನು ಹೀರಿಕೊಳ್ಳುತ್ತದೆ. ಅಷ್ಟೇ ರೇಷ್ಮೆ 11 ಗ್ರಾಂ, ಹತ್ತಿ ಸುಮಾರು 8 ಗ್ರಾಂ ನೀರನ್ನು ಹೀರಿದರೆ, ಪಾಲಿಯೆಸ್ಟರು ಅರ್ಧ ಗ್ರಾಮನ್ನೂ ಹೀರುವುದಿಲ್ಲ.

ಎಳೆ ನೀರಾವಿಯನ್ನು ಹೀರುವಾಗ ಶಾಖ ಹೊರಬೀಳುತ್ತದೆ. ಪೂರ್ತಿ ಒಣಗಿದ 1 ಕಿಲೋಗ್ರಾಂ ಉಣ್ಣೆ ಪೂರ್ತಿ ತೊಯ್ದಾಗ ಬಿಡುಗಡೆಯಾಗುವ ಶಾಖ ಸುಮಾರು 110 ಕಿಲೋಜೌಲ್. ಕುಳಿತಿರುವ ಮನುಷ್ಯನ ದೇಹ ಹದಿನೆಂಟು ನಿಮಿಷಗಳಲ್ಲಿ ಹೊರಗೆಡಹುವಷ್ಟು. ಒಣಗಿದ ಮನೆಯಿಂದ ಮಂಜಿನ ಬಯಲಿಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊರಟ ಕುರಿಗಾಹಿಗೆ ದೊರೆಯುವುದು ಇದರ ಒಂದು ಅಂಶ ಮಾತ್ರ. ಆದರೂ ಅದು ಉಣ್ಣೆಯ ನಿಜವಾದ ಗುಣ. ಹತ್ತಿಯಲ್ಲಿ ಈ ಶಾಖ ಉಣ್ಣೆಯದರ ಅರ್ಧಕ್ಕಿಂತಲೂ ಕಡಮೆ.

ಬಿಸಿಲು ಬಂದಾಗ ನಮಗೆ ಬೇಕಾದುದು ಇದರ ವಿರುದ್ಧ ಕ್ರಿಯೆ. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖವನ್ನು ದೇಹದಿಂದ ಕೊಂಡೊಯ್ಯುತ್ತದೆ. ಆದರೆ ಅದು ಆವಿಯಾಗಬೇಕು. ಹನಿಯಾಗಿ ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ. ಹತ್ತಿಯ ಬಟ್ಟೆ ಬೆವರನ್ನು ಹೀರಿ, ಎಳೆಗಳ ನಡುವೆ ಅಗಲವಾಗಿ ಹರಡಿ, ಗಾಳಿಗೆ ಒಡ್ಡುತ್ತದೆ. ಮಾರ್ಚಿಯ ಒಣಹವೆಯಲ್ಲಿ ಈ ಏರ್ಪಾಡು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ.

ಬೇಸಗೆಗೆ ಬಿಳಿಯ ಬಟ್ಟೆಯೇ ಲೇಸೆಂಬ ಮಾತೂ ಅರ್ಧ ಸತ್ಯ. ಮೈಗಂಟುವ ಉಡುಪಿನ ವಿಷಯದಲ್ಲಿ ಅದು ನಿಜ. ಆದರೆ ಮರುಭೂಮಿಯ ಬಿಸಿಲಿನಲ್ಲಿ ಬೆಡೂಯಿನ್ ಜನರು ಕಪ್ಪು ನಿಲುವಂಗಿಯನ್ನೇಕೆ ತೊಡುತ್ತಾರೆಂಬುದನ್ನು ಪರೀಕ್ಷಿಸಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಫಲಿತಾಂಶ ಸ್ವಾರಸ್ಯವಾದುದು. ಕಪ್ಪು ಬಟ್ಟೆ ಹೆಚ್ಚು ಶಾಖವನ್ನು ಹೀರಿದರೂ, ಸಡಿಲವಾದ ಅಂಗಿಯೊಳಗೆ ಗಾಳಿ ಆಡುವುದರಿಂದ ಆ ಹೆಚ್ಚಿನ ಶಾಖ ಚರ್ಮವನ್ನು ತಲುಪುವ ಮೊದಲೇ ಹೊರಟುಹೋಗುತ್ತಿತ್ತು. ಕಪ್ಪು, ಬಿಳುಪು ಎರಡರಲ್ಲಿಯೂ ದೇಹಕ್ಕೆ ತಗುಲಿದ ಶಾಖ ಒಂದೇ. ಬಣ್ಣಕ್ಕಿಂತ ಸಡಿಲಿಕೆಗೆ ಹೆಚ್ಚು ಬೆಲೆಯೆಂಬುದು ಇದರ ಸಾರ.

ಹುಳುಮನೆಯ ಋತುಮಾನ

ಮನುಷ್ಯನಾದರೋ ಉಡುಪನ್ನು ಬದಲಾಯಿಸಿಕೊಳ್ಳಬಲ್ಲ. ರೇಷ್ಮೆಹುಳುವಿಗೆ ಆ ಅನುಕೂಲವಿಲ್ಲ. ದೇಹದ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ; ಸುತ್ತಣ ಗಾಳಿಯ ಉಷ್ಣತೆಯೇ ಅದರ ಉಷ್ಣತೆ. ಆದ್ದರಿಂದ ನಮ್ಮ ರೇಷ್ಮೆ ಬೆಳೆಗಾರರು ಹುಳುವಿನ ಬದಲು ಹುಳುಮನೆಗೆ ಉಡುಪನ್ನು ತೊಡಿಸುತ್ತಾರೆ.

ಎಳೆಯ ಚಾಕಿ ಹುಳುಗಳಿಗೆ 27–28 ಡಿಗ್ರಿ ಉಷ್ಣತೆ, ನೂರಕ್ಕೆ 80ಕ್ಕಿಂತ ಹೆಚ್ಚಿನ ಆರ್ದ್ರತೆ ಬೇಕು. ನಾಲ್ಕು ಜ್ವರಗಳನ್ನು ಕಳೆದು ಬೆಳೆದ ಹುಳುವಿಗೆ 23–25 ಡಿಗ್ರಿ, ನೂರಕ್ಕೆ 70ರಷ್ಟು ಆರ್ದ್ರತೆ ಸಾಕು. ಪುಷ್ಯ ಮಾಘಗಳ ರಾತ್ರಿಯಲ್ಲಿ ಹುಳುಮನೆ ತಣ್ಣಗಾದರೆ ಹುಳು ಸೊಪ್ಪನ್ನು ಸರಿಯಾಗಿ ಮೇಯದೆ ಬೆಳೆಯ ಅವಧಿ ಉದ್ದವಾಗುತ್ತದೆ. ಆಗ ಒಲೆಯಿಂದಲೋ ವಿದ್ಯುತ್ ಶಾಖೋಪಕರಣದಿಂದಲೋ ಕೋಣೆಯನ್ನು ಬೆಚ್ಚಗಿಡಬೇಕಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲೊಲೆ ಉರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ತುಂಬಿಕೊಂಡು, ಒಳಗೆ ಮಲಗಿದವರ ಪ್ರಾಣಕ್ಕೇ ಅಪಾಯವೆಂಬುದನ್ನು ಇಲ್ಲಿ ಮರೆಯಬಾರದು.

ಫಾಲ್ಗುಣ ಕಳೆಯುತ್ತಲೇ ಚಿತ್ರ ತಿರುಗುಮುರುಗಾಗುತ್ತದೆ. ಒಲೆ ಹೊರಗೆ ಹೋಗುತ್ತದೆ. ಕಿಟಕಿ ಬಾಗಿಲುಗಳಿಗೆ ಒದ್ದೆ ಗೋಣಿತಟ್ಟು ಬರುತ್ತದೆ. ಹಿಪ್ಪುನೇರಳೆ ಸೊಪ್ಪನ್ನು ಬಿಸಿಲೇರುವ ಮುನ್ನವೇ ಕೊಯ್ದು ಒದ್ದೆ ಬಟ್ಟೆಯಡಿಯಲ್ಲಿ ಕಾಪಾಡುತ್ತಾರೆ. ಗೋಣಿಯ ನೀರು ಆವಿಯಾಗುತ್ತ ಕೋಣೆಯ ಶಾಖವನ್ನು ಕೊಂಡೊಯ್ಯುತ್ತದೆ, ಜತೆಗೆ ಆರ್ದ್ರತೆಯನ್ನೂ ಹೆಚ್ಚಿಸುತ್ತದೆ. ನಮ್ಮ ಬೆವರಿಗೂ ಹತ್ತಿಯ ಅಂಗಿಗೂ ಇರುವ ಸಂಬಂಧವೇ ಇಲ್ಲಿ ನೀರಿಗೂ ಗೋಣಿಗೂ ಇರುವುದು. ಈ ಋತುಪರಿವರ್ತನೆಯಲ್ಲಿ ಒಂದೆರಡು ದಿನ ಎಚ್ಚರ ತಪ್ಪಿದರೂ ಹುಳುವಿಗೆ ರೋಗ ತಗುಲಿ ಸಂಸಾರವೊಂದರ ಒಂದು ತಿಂಗಳ ದುಡಿಮೆ ಮಣ್ಣುಪಾಲಾಗಬಹುದು.

ಹಣ್ಣಾದ ಹುಳು ಚಂದ್ರಿಕೆಯನ್ನೇರಿ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಹಳೆಯ ಮೈಸೂರು ತಳಿಯ ಗೂಡಿನಲ್ಲಿ ಸುಮಾರು 400 ಮೀಟರು, ದ್ವಿತಳಿಯ ಗೂಡಿನಲ್ಲಿ 1,000 ಮೀಟರಿಗೂ ಹೆಚ್ಚು ಉದ್ದದ ಎಳೆಯಿರುತ್ತದೆ. ಮಿಶ್ರತಳಿಯ ಗೂಡಾದರೆ 1 ಕಿಲೋ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೋ ಗೂಡು ಬೇಕು. ಒಂದು ಸೀರೆಗೆ ಅರ್ಧ ಕಿಲೋ ರೇಷ್ಮೆಯೆಂದರೂ ಎರಡು ಸಾವಿರಕ್ಕೆ ಮಿಕ್ಕ ಹುಳುಗಳ ಶ್ರಮ ಅದರಲ್ಲಿ ಅಡಗಿದೆಯೆಂದಾಯಿತು.

ಎರಡು ಪತಂಗಗಳು

ಇನ್ನು ಪೆಟ್ಟಿಗೆಯ ಕಡೆಗೆ ತಿರುಗೋಣ. ಉಣ್ಣೆಯನ್ನು ತಿನ್ನುವ ಬಟ್ಟೆನುಸಿಯೂ ರೇಷ್ಮೆಹುಳುವಿನಂತೆ ಪತಂಗಜಾತಿಯ ಕೀಟವೇ. ಒಣಹುಲ್ಲಿನ ಬಣ್ಣದ, ರೆಕ್ಕೆ ಬಿಚ್ಚಿದರೆ ಒಂದೂವರೆ ಸೆಂಟಿಮೀಟರನ್ನೂ ಮುಟ್ಟದ ಈ ಪುಟ್ಟ ಪತಂಗ ಬೆಳಕನ್ನು ಕಂಡರೆ ಓಡಿ ಮರೆಯಾಗುತ್ತದೆ. ರೇಷ್ಮೆಯ ಪತಂಗದಂತೆ ಇದೂ ಬಾಯಿದ್ದರೂ ಉಣ್ಣುವುದಿಲ್ಲ. ಬದುಕಿರುವ ಕೆಲವು ದಿನಗಳಲ್ಲಿ ನಲವತ್ತು ಐವತ್ತು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ತಿನ್ನುವುದು ಮೊಟ್ಟೆಯಿಂದ ಬಂದ ಮರಿಹುಳು. ವಿಚಿತ್ರವೆಂದರೆ ಈ ಮರಿಹುಳುವೂ ರೇಷ್ಮೆಯನ್ನು ನೂಲುತ್ತದೆ! ಹಾಳಾದ ಕಂಬಳಿಯ ಮೇಲೆ ಕಾಣುವ ಬಿಳಿಯ ಜೇಡರಬಲೆಯಂಥ ಕೊಳವೆಗಳು ಅದರ ಕೈಕೆಲಸ. ಒಂದು ಹುಳು ಸೊಪ್ಪನ್ನು ತಿಂದು ನಮಗೆ ನೂಲು ಕೊಡುತ್ತದೆ. ಇನ್ನೊಂದು ನಮ್ಮ ನೂಲನ್ನು ತಿಂದು ತನಗೆ ಮನೆ ಕಟ್ಟಿಕೊಳ್ಳುತ್ತದೆ.

ಉಣ್ಣೆಯನ್ನು ಜೀರ್ಣಿಸಿಕೊಳ್ಳುವುದು ಸುಲಭದ ಮಾತಲ್ಲ. ಕೂದಲು, ಉಗುರು, ಕೊಂಬುಗಳಂತೆ ಉಣ್ಣೆಯೂ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಸರಪಳಿಗಳನ್ನು ಗಂಧಕದ ಜೋಡಿ ಪರಮಾಣುಗಳು ಕೊಂಡಿಹಾಕಿ ಭದ್ರಪಡಿಸಿವೆ. ಹೆಚ್ಚಿನ ಪ್ರಾಣಿಗಳ ಜೀರ್ಣರಸ ಈ ಕೊಂಡಿಗಳ ಮುಂದೆ ನಿಸ್ಸಹಾಯಕ. ಬಟ್ಟೆನುಸಿಯ ಮರಿಹುಳುವಿನ ಕರುಳಾದರೋ ಪ್ರಬಲ ಕ್ಷಾರಗುಣವುಳ್ಳದ್ದು. ಅಲ್ಲಿ ಗಂಧಕದ ಕೊಂಡಿಗಳು ಕಳಚಿಬಿದ್ದು ಕೆರಾಟಿನ್ ಅನ್ನವಾಗುತ್ತದೆ.

ರೇಷ್ಮೆಯ ರಚನೆ ಬೇರೆ. ಅದರ ತಿರುಳು ಫೈಬ್ರಾಯಿನ್, ಸುತ್ತಣ ಅಂಟು ಸೆರಿಸಿನ್. ಗೂಡಿನ ನೂಲಿನಲ್ಲಿ ನೂರಕ್ಕೆ 20ರಿಂದ 30 ಭಾಗ ಈ ಅಂಟೇ. ಬಿಸಿನೀರು ಇದನ್ನು ಮೆದುಗೊಳಿಸುವುದರಿಂದಲೇ ರಾಮನಗರದ ನೂಲು ಬಿಚ್ಚುವವರು ಗೂಡನ್ನು ಬೇಯಿಸುತ್ತಾರೆ. ಫೈಬ್ರಾಯಿನ್‌ನಲ್ಲಿ ಗಂಧಕದ ಕೊಂಡಿಗಳು ಇಲ್ಲವೆನ್ನುವಷ್ಟು ವಿರಳ. ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಪುಟ್ಟ ಅಮೈನೊ ಆಮ್ಲಗಳು ಸಾಲಾಗಿ ಸೇರಿ, ಸರಪಳಿಗಳು ಮಡಿಸಿದ ಹಾಳೆಗಳಂತೆ ಒತ್ತಾಗಿ ಜೋಡಣೆಗೊಂಡಿವೆ. ಉಣ್ಣೆಯ ಸರಪಳಿಗಳಾದರೋ ಸುರುಳಿಸುತ್ತಿರುವುವು. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ಆಸ್ಟ್‌ಬರಿ ಎಂಬಾತ ಉಣ್ಣೆಯ ಎಳೆಯನ್ನು ಎಳೆದು ಹಿಗ್ಗಿಸಿ ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ ಅದು ರೇಷ್ಮೆಯನ್ನು ಹೋಲುವ ಚಿತ್ರವನ್ನು ಕೊಟ್ಟಿತು. ಈ ಸುರುಳಿ, ಈ ಹಾಳೆಗಳ ನಿಖರ ಸ್ವರೂಪವನ್ನು 1951ರಲ್ಲಿ ಪಾಲಿಂಗ್ ಮತ್ತು ಸಂಗಡಿಗರು ವಿವರಿಸಿದರು. ಸ್ವೆಟರು ಹಿಗ್ಗಿ ಮತ್ತೆ ಕುಗ್ಗುವುದಕ್ಕೂ, ರೇಷ್ಮೆಯ ಸೀರೆ ಹಾಗೆ ಹಿಗ್ಗದಿರುವುದಕ್ಕೂ ಮೂಲ ಇಲ್ಲಿದೆ.

ಹಾಗೆಂದು ರೇಷ್ಮೆಗೆ ಕೀಟಭಯವಿಲ್ಲವೆಂದಲ್ಲ. ಬಟ್ಟೆನುಸಿಗೆ ಅದು ಮೆಚ್ಚಿನ ಊಟವಲ್ಲದಿದ್ದರೂ ಡರ್ಮೆಸ್ಟಿಡ್ ಎಂಬ ಜೀರುಂಡೆಗಳ ಕುಲ ಎರಡನ್ನೂ ಬಿಡದು. ಗೂಡಿನ ದಾಸ್ತಾನುಗಳಲ್ಲಿ ಒಳಗಿನ ಒಣಗಿದ ಕೋಶದ ಆಸೆಗೆ ಗೂಡನ್ನು ತೂತು ಮಾಡಿ ನಷ್ಟವುಂಟುಮಾಡುವುದು ಇದೇ ಕುಲದ ಕೀಟ. ಗಂಜಿ ಹಾಕಿದ ಹತ್ತಿಯ ಬಟ್ಟೆಗೆ ಶತ್ರು ಬೇರೊಂದು: ಮೀನಿನಂತೆ ನುಣುಚಿ ಓಡುವ, ಬೆಳ್ಳಿಯ ಬಣ್ಣದ, ರೆಕ್ಕೆಯಿಲ್ಲದ ಹುಳು. ಅದಕ್ಕೆ ಬೇಕಾದುದು ಪಿಷ್ಟ.

ಪೆಟ್ಟಿಗೆಗೆ ಹಾಕುವ ಮುನ್ನ

ಶತ್ರುವಿನ ಸ್ವಭಾವ ತಿಳಿದರೆ ರಕ್ಷಣೆಯ ಮಾರ್ಗ ತಾನಾಗಿ ತೋರುತ್ತದೆ. ಮೊದಲನೆಯದು ಶುಚಿ. ಶುದ್ಧವಾದ ಉಣ್ಣೆಯೊಂದರಿಂದಲೇ ನುಸಿಯ ಮರಿ ಚೆನ್ನಾಗಿ ಬೆಳೆಯಲಾರದು. ಅದಕ್ಕೆ ಬೇಕಾದ ಲವಣಗಳೂ ಜೀವಸತ್ವಗಳೂ ಬೆವರಿನ ಕಲೆಯಿಂದ, ಊಟದ ಕಲೆಯಿಂದ ದೊರೆಯುತ್ತವೆ. ಸ್ವೆಟರಿನ ಕೊರಳಪಟ್ಟಿಯೂ ಕಂಕುಳೂ ಮೊದಲು ತೂತಾಗುವುದು ಇದರಿಂದಲೇ. ಒಂದೇ ಒಂದು ಸಲ ತೊಟ್ಟದ್ದಾದರೂ ಒಗೆಯದೆ ಇಡಬಾರದು. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಪೊರೆಗಳಿರುವುದರಿಂದ ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದನ್ನೊಂದು ಕಚ್ಚಿಕೊಂಡು ಬಟ್ಟೆ ಕುಗ್ಗುತ್ತದೆ. ತಣ್ಣೀರು, ಮೃದುವಾದ ಸಾಬೂನು, ಹಗುರವಾದ ಕೈ ಇವು ಬೇಕು. ಗಂಜಿ ಹಾಕಿದ ಹತ್ತಿಬಟ್ಟೆಯನ್ನು ಬಹುಕಾಲ ಇಡುವುದಾದರೆ ಗಂಜಿಯನ್ನು ತೊಳೆದೇ ಇಡಬೇಕು.

ಎರಡನೆಯದು ಶಾಖ. ಗೂಡಿನೊಳಗಿನ ಕೋಶವನ್ನು ಬಿಸಿಗಾಳಿಯಿಂದಲೋ ಹಬೆಯಿಂದಲೋ ಕೊಲ್ಲದಿದ್ದರೆ ಪತಂಗ ಗೂಡನ್ನು ಭೇದಿಸಿ ನೂಲನ್ನು ಕೆಡಿಸುವುದೆಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಕಂಬಳಿಯ ನುಸಿಗೂ ಅದೇ ಮದ್ದು. 55 ಡಿಗ್ರಿಯ ಶಾಖ ಒಳಪದರದವರೆಗೆ ಮುಟ್ಟಿ ಕೆಲಕಾಲ ನಿಂತರೆ ಮೊಟ್ಟೆ, ಮರಿ, ಪತಂಗ ಎಲ್ಲವೂ ನಾಶವಾಗುತ್ತವೆ. ಮಾರ್ಚಿಯ ಮಧ್ಯಾಹ್ನ ಬಂಡೆಯ ಮೇಲೆ ಹರವಿದ ಕರಿಯ ಕಂಬಳಿಯ ಮೇಲ್ಮೈ 50 ಡಿಗ್ರಿಯನ್ನು ದಾಟಬಲ್ಲುದು. ಆದರೆ ಮಡಿಕೆಯೊಳಗೆ ಅಷ್ಟು ಶಾಖ ಹೋಗುವುದಿಲ್ಲ. ಆದ್ದರಿಂದ ಪೂರ್ತಿ ಬಿಡಿಸಿ, ಎರಡೂ ಮೈಗಳನ್ನು ಕಾಯಿಸಿ, ಕೋಲಿನಿಂದ ಬಡಿದು, ಹೊಲಿಗೆಗಳನ್ನು ಬ್ರಷ್ಷಿನಿಂದ ತಿಕ್ಕಬೇಕು. ಇದನ್ನು ಎರಡು ಮೂರು ದಿನ ಮಾಡುವುದೊಳ್ಳೆಯದು. ಸಣ್ಣ ಉಣ್ಣೆಬಟ್ಟೆಗಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟರೂ ಇದೇ ಫಲ ದೊರೆಯುತ್ತದೆ.

ರೇಷ್ಮೆಗೆ ಮಾತ್ರ ಈ ಬಿಸಿಲಿನ ಮದ್ದು ಸಲ್ಲದು. ಬಿಸಿಲಿನ ಅತಿನೇರಳೆ ಕಿರಣಗಳು ಫೈಬ್ರಾಯಿನ್‌ನಲ್ಲಿರುವ ಕೆಲವು ಅಮೈನೊ ಆಮ್ಲಗಳನ್ನು ಕೆಡಿಸಿ ಎಳೆಯನ್ನು ಹಳದಿಗೊಳಿಸುತ್ತವೆ, ಬಲಗೆಡಿಸುತ್ತವೆ. ಕಂಬಳಿಗೆ ಬಿಸಿಲು, ಸೀರೆಗೆ ನೆರಳು ಎಂದು ನೆನಪಿಟ್ಟುಕೊಂಡರೆ ಸಾಕು.

ನುಸಿಗುಳಿಗೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅದರಲ್ಲಿರುವ ನ್ಯಾಫ್ತಲೀನು ಕರಗದೆ ನೇರವಾಗಿ ಆವಿಯಾಗುವ ವಸ್ತು. ಅದರ ಅಣುತೂಕ 128. ಗಾಳಿಯ ಸರಾಸರಿ ಅಣುತೂಕ 29. ನಾಲ್ಕು ಮಡಿಗೂ ಹೆಚ್ಚು ಭಾರವಾದ ಈ ಆವಿ ಕೆಳಕ್ಕೆ ಇಳಿಯುವುದರಿಂದ ಗುಳಿಗೆಯನ್ನು ಬಟ್ಟೆಯ ಮೇಲ್ಭಾಗದಲ್ಲಿ, ತೆಳುವಾದ ಬಟ್ಟೆಯಲ್ಲಿ ಕಟ್ಟಿ ಇಡಬೇಕು. ಪೆಟ್ಟಿಗೆ ಬಿಗಿಯಾಗಿ ಮುಚ್ಚದಿದ್ದರೆ ಆವಿ ನುಸಿಯನ್ನು ಕೊಲ್ಲುವಷ್ಟು ಒಳಗೆ ನಿಲ್ಲದೆ ಕೋಣೆಗೆ ಬಂದು ನಮ್ಮ ಶ್ವಾಸಕೋಶವನ್ನು ಸೇರುತ್ತದೆ. ಕೋಣೆಯಲ್ಲಿ ವಾಸನೆ ಬರುತ್ತಿದೆಯೆಂದರೆ ಗುಳಿಗೆ ವ್ಯರ್ಥವಾಗುತ್ತಿದೆಯೆಂದೇ ಅರ್ಥ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಕೆಲವರ ರಕ್ತಕಣಗಳಲ್ಲಿ ಜಿ-6-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಅಂಥವರ ದೇಹವನ್ನು ನ್ಯಾಫ್ತಲೀನು ಹೊಕ್ಕರೆ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ನವಜಾತ ಶಿಶುಗಳಲ್ಲಿ ಇದು ತೀವ್ರ ಕಾಮಾಲೆಗೆ ತಿರುಗಿ ಮೆದುಳಿಗೂ ಪ್ರಾಣಕ್ಕೂ ಕುತ್ತು ತರಬಹುದು. ಗುಳಿಗೆಯೊಡನೆ ಇಟ್ಟಿದ್ದ ಬಟ್ಟೆ ಹೊದಿಸಿದ್ದರಿಂದಲೇ ಹೀಗಾದ ಸಂದರ್ಭಗಳು ವೈದ್ಯಶಾಸ್ತ್ರದಲ್ಲಿ ವರದಿಯಾಗಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಇದನ್ನು ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಬಾಣಂತಿಯ ಹಾಗೂ ಕೂಸಿನ ಬಟ್ಟೆಗಳ ಬಳಿ ನುಸಿಗುಳಿಗೆಯನ್ನು ಸುಳಿಯಗೊಡಬಾರದು. ಒಣಗಿದ ಬೇವಿನ ಎಲೆ, ಲಾವಂಚದ ಬೇರು ಇವು ಹುಳುಗಳನ್ನು ಸ್ವಲ್ಪಮಟ್ಟಿಗೆ ದೂರವಿಡಬಹುದಾದರೂ ಆಗಲೇ ಒಳಸೇರಿದ ಮರಿಯನ್ನು ಕೊಲ್ಲಲಾರವು. ಶುಚಿ ಮತ್ತು ಶಾಖಗಳಿಗೆ ಅವು ಬದಲಿಯಲ್ಲ.

ಜರಿಯ ಕಪ್ಪು

ಅಪ್ಪಟ ಜರಿಯೆಂದರೆ ರೇಷ್ಮೆಯ ನೂಲಿಗೆ ಬೆಳ್ಳಿಯ ಚಪ್ಪಟೆ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಬೆಳ್ಳಿಗೂ ಗಂಧಕಕ್ಕೂ ಬಿಡದ ನಂಟು. ಎರಡೂ ಸೇರಿದರೆ ಕಪ್ಪಾದ ಬೆಳ್ಳಿಯ ಸಲ್ಫೈಡು. ಉಣ್ಣೆಯ ಕೆರಾಟಿನಿನಲ್ಲಿ ಗಂಧಕ ತುಂಬಿದೆಯೆಂದು ಮೇಲೆ ಹೇಳಿದೆವಷ್ಟೆ. ಮುಚ್ಚಿದ ಪೆಟ್ಟಿಗೆಯಲ್ಲಿ ಉಣ್ಣೆಯಿಂದ ಗಂಧಕದ ಅನಿಲಗಳು ಅತ್ಯಲ್ಪವಾಗಿ ಹೊರಸೂಸುತ್ತವೆ. ಹೀಗಾಗಿ ಜರಿಯ ಸೀರೆಯನ್ನೂ ಕಂಬಳಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವುದು ಸಲ್ಲದು. ಸೀರೆಯನ್ನು ತೊಳೆದ ಹತ್ತಿಯ ಬಟ್ಟೆಯಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಬಂಧಿಸಿ ಬೂಷ್ಟಿಗೆ ಎಡೆಮಾಡುತ್ತದೆ. ಕೆಲವು ತಿಂಗಳಿಗೊಮ್ಮೆ ಮಡಿಕೆಯ ಗೆರೆಯನ್ನು ಬದಲಾಯಿಸಬೇಕು, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ಎಳೆಗಳು ದಣಿದು ಮುರಿಯುತ್ತವೆ. ಹಬ್ಬದ ದಿನ ಉಟ್ಟ ಸೀರೆಯ ಬೆವರನ್ನು ಆರಿಸದೆ ಮಡಿಸಿಟ್ಟರೆ ಅದರ ಲವಣಗಳು ಬಣ್ಣವನ್ನೂ ಎಳೆಯನ್ನೂ ಕೆಡಿಸುತ್ತವೆ.

ಮಳೆಗೆ ಮೊದಲು

ಇದನ್ನೆಲ್ಲ ಯಾವಾಗ ಮಾಡಬೇಕು? ನಮ್ಮ ಸೀಮೆಯಲ್ಲಿ ವರ್ಷದ ಅತ್ಯಂತ ಒಣ ಗಾಳಿ ಫೆಬ್ರವರಿ ಮಾರ್ಚಿಗಳ ಮಧ್ಯಾಹ್ನದ ಗಾಳಿ. ಆರ್ದ್ರತೆ ನೂರಕ್ಕೆ 80 ಇರುವಾಗ ಉಣ್ಣೆಯಲ್ಲಿ ತೂಕದ ನೂರಕ್ಕೆ 19ರಷ್ಟು ನೀರಿದ್ದರೆ, ಆರ್ದ್ರತೆ 30ಕ್ಕೆ ಇಳಿದಾಗ ಅದು ಸುಮಾರು 8–9ಕ್ಕೆ ಇಳಿಯುತ್ತದೆ. ಎರಡು ಕಿಲೋ ತೂಕದ ಕಂಬಳಿ ಬಿಸಿಲಿಗೆ ಒಡ್ಡಿದಾಗ ಸುಮಾರು 200 ಗ್ರಾಂ ನೀರನ್ನು ಕಣ್ಣಿಗೆ ಕಾಣದಂತೆ ಬಿಟ್ಟುಕೊಡುತ್ತದೆ. ಒಳ್ಳೆಯ ತಕ್ಕಡಿಯಿದ್ದರೆ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮುಂಜಾನೆ ಮಂಜಿಗೆ ಒಡ್ಡಿದ ಉಣ್ಣೆಯ ನೂಲನ್ನು ತೂಗಿ, ಮಧ್ಯಾಹ್ನ ಬಿಸಿಲಿನಲ್ಲಿ ಒಣಗಿಸಿ ಮತ್ತೆ ತೂಗಲಿ. ಅಷ್ಟೇ ತೂಕದ ಹತ್ತಿಯ ನೂಲು, ಪಾಲಿಯೆಸ್ಟರು ನೂಲುಗಳನ್ನೂ ಜತೆಗಿಟ್ಟು ಹೋಲಿಸಲಿ. ಮೂರರ ನಡುವಿನ ವ್ಯತ್ಯಾಸ ಪುಸ್ತಕದ ಅಂಕಿಗಿಂತ ಚೆನ್ನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಹೀಗೆ ಒಣಗಿದ ಉಣ್ಣೆಯನ್ನು ಬಿಸಿಲು ಇಳಿದು ತಣ್ಣಗಾದೊಡನೆ, ರಾತ್ರಿಯ ತೇವ ತಗುಲುವ ಮೊದಲೇ ಪೆಟ್ಟಿಗೆಗೆ ಹಾಕಿ ಬಿಗಿಯಾಗಿ ಮುಚ್ಚಿದರೆ, ಆ ಒಣಹವೆಯನ್ನೇ ಪೆಟ್ಟಿಗೆಯಲ್ಲಿ ಕೂಡಿಟ್ಟಂತಾಗುತ್ತದೆ. ಏಪ್ರಿಲಿನ ನಡುವೆ ಅಶ್ವಿನಿಯ ಮಳೆ, ಅದರ ಹಿಂದೆಯೇ ಭರಣಿಯ ಮಳೆ ಬಂದರೆ ಗಾಳಿ ಮತ್ತೆ ತೇವಗೊಳ್ಳುತ್ತದೆ, ಆ ಅನುಕೂಲ ಕೈತಪ್ಪುತ್ತದೆ. ಆದುದರಿಂದ ಶಿವರಾತ್ರಿಗೂ ಅಶ್ವಿನಿ ಮಳೆಗೂ ನಡುವಿನ ಕೆಲವು ವಾರಗಳೇ ಕಂಬಳಿಯನ್ನು ಕಟ್ಟಿಡಲು ತಕ್ಕ ಕಾಲ. ಬೆಳಗಿನ ಚಳಿಗೆಂದು ಒಂದು ತೆಳುವಾದ ಸ್ವೆಟರನ್ನು ಮಾತ್ರ ಹೊರಗೆ ಬಿಟ್ಟು, ಮಿಕ್ಕವುಗಳನ್ನು ಮುಂದಿನ ಬಿಸಿಲಿನ ಮಧ್ಯಾಹ್ನವೇ ಹರವಬಹುದು.